ನಡುವಿನ ಜಾಗ ಯಾರದು? ಮಂಡ್ಯ ಕಡೆಯ ಒಬ್ಬ ಮಿಡ್‌ಫೀಲ್ಡರ್‌ನ ಪ್ರಕರಣ

ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಗೋಲು ತಡೆದವನೂ ಬೀಳುತ್ತಾನೆ. ನಡುವೆ ನಿಂತು ಆಟ ಕಟ್ಟುವ ಮಿಡ್‌ಫೀಲ್ಡರ್ ಮಾತ್ರ ಕೆಟ್ಟದಾಗಿ ಆಡಿದ ದಿನವೇ ಎದ್ದು ಕಾಣುತ್ತಾನೆ. ಬೇರೆ ಯಾರೂ ಕೊಡದ ಪಾಸ್ ಕೊಡಲು ಹೋಗಿ ಬಾಲ್ ಕಳೆದುಕೊಳ್ಳುವವನು ಅವನೇ ಅಲ್ವಾ. ಹತ್ತು ಸಲ ಕಳೆದುಕೊಂಡು ಹನ್ನೊಂದನೇ ಸಲ ದಾರಿ ತೆರೆದರೆ, ಜನ ಮೊದಲ ಹತ್ತನ್ನು ಅವನ ಲೆಕ್ಕಕ್ಕೆ ಬರೆಯುತ್ತಾರೆ. ಹನ್ನೊಂದನೆಯದು ಗೋಲು ಹೊಡೆದವನ ಖಾತೆಗೆ ಹೋಗುತ್ತದೆ.

ಅಂಥ ಒಬ್ಬ ಹುಡುಗನ ವಿಷಯ ಇದು. ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ನಿಜವಾದ ಹೆಸರು ಬೇಡ, ಮಾದೇಶ ಅಂತ ಇಟ್ಟುಕೊಳ್ಳೋಣ. ಊರು, ಕ್ಲಬ್, ಕೋಚ್‌ಗಳ ಹೆಸರು ಇಲ್ಲ. ಗುರುತು ಸಿಗುವಂಥ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಅವನೂ ಅವನ ಸುತ್ತಲಿದ್ದವರೂ ತೆಗೆದುಕೊಂಡ ತೀರ್ಮಾನಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ನಾನು ಮೈಸೂರಿನಲ್ಲಿ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವವನು. ಹಾಸ್ಟೆಲ್ ದಿನಗಳಿಂದ ಅವನ ಆಟ ನೋಡಿದ್ದೇನೆ, ಗಾಯವಾಗಿ ಊರಿಗೆ ಬಂದಾಗ ಅವನ ಜೊತೆ ಕೆಲಸ ಮಾಡಿದ್ದೇನೆ.

ಕಬಡ್ಡಿ ಊರಿನಿಂದ ಓಣಿಗೆ

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಹಳ್ಳಿ. ಸುತ್ತ ಕಬ್ಬು, ಭತ್ತ. ಅಪ್ಪನಿಗೆ ಆಲೆಮನೆಯಲ್ಲಿ ಕೆಲಸ, ಕಬ್ಬು ಇಲ್ಲದ ದಿನ ಕೂಲಿ. ಊರಲ್ಲಿ ಆಟ ಅಂದರೆ ಕಬಡ್ಡಿ, ಶಾಲೆಯಲ್ಲಿ ವಾಲಿಬಾಲ್. ಫುಟ್‌ಬಾಲ್ ಅನ್ನೋದು ಬಂಗಾಳದವರದು, ಕೇರಳದವರದು, ಗೋವಾದವರದು ಅಂತಲೇ ನಮ್ಮ ಕಡೆ ಎಲ್ಲರೂ ಅಂದುಕೊಂಡಿರುತ್ತಾರೆ. ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ಅನ್ನೋ ಹೆಸರಲ್ಲೇ ನಮ್ಮ ರಾಜ್ಯ ನಾಲ್ಕು ಸಲ ಗೆದ್ದಿತ್ತು ಅಂದರೆ ಮೈಸೂರಿನಲ್ಲೇ ಎಷ್ಟೋ ಜನ ನಂಬಲ್ಲ. ಕೊನೆಯದು 1968-69ರಲ್ಲಿ. ಐದನೆಯದಕ್ಕೆ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಅದೂ ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ಎದುರು 3-2ರಿಂದ.

ಐದನೇ ಕ್ಲಾಸ್ ಮುಗಿದ ಮೇಲೆ ಓದಲಿ ಅಂತ ಮಾದೇಶನನ್ನು ಮೈಸೂರಿನ ಎನ್.ಆರ್. ಮೊಹಲ್ಲಾದಲ್ಲಿದ್ದ ಸೋದರಮಾವನ ಮನೆಯಲ್ಲಿ ಬಿಟ್ಟರು. ಮನೆ ಮುಂದಿನ ಓಣಿಯಲ್ಲಿ ಸಂಜೆಯಾದರೆ ಬಾಲ್. ಎರಡು ಕಡೆ ಗೋಡೆ, ನಡುವೆ ನಿಲ್ಲಿಸಿದ ಸ್ಕೂಟರ್‌ಗಳು, ಮೋರಿಯ ಅಂಚು. ದೊಡ್ಡ ಹುಡುಗರು ಮೈಮೇಲೆ ಬಿದ್ದರೆ ಗೋಡೆಗೆ ಒತ್ತಿಬಿಡುತ್ತಿದ್ದರು. ಹಾಗಾಗಿ ಬಾಲ್ ಬರೋ ಮೊದಲೇ ಹಿಂದೆ ಯಾರಿದ್ದಾರೆ ಅಂತ ಕತ್ತು ತಿರುಗಿಸಿ ನೋಡೋ ಅಭ್ಯಾಸ ಅವನಿಗೆ ತಾನಾಗಿ ಬಂತು. ಯಾರೂ ಹೇಳಿಕೊಟ್ಟದ್ದಲ್ಲ. ಗೋಡೆಗೆ ಹೊಡೆದು, ಎದುರಾಳಿಯ ಇನ್ನೊಂದು ಪಕ್ಕದಿಂದ ವಾಪಸ್ ತೆಗೆದುಕೊಳ್ಳುವುದೂ ಅಲ್ಲೇ ಬಂದದ್ದು.

ನಾರ್ವೆಯ ಗೇರ್ ಯೋರ್ಡೆಟ್ ಅನ್ನೋ ಸಂಶೋಧಕರು ಈ ಕತ್ತು ತಿರುಗಿಸುವುದನ್ನೇ ವರ್ಷಗಟ್ಟಲೆ ಎಣಿಸಿದ್ದಾರೆ. ಬಾಲ್ ಸಿಗುವ ಮೊದಲು ಸುತ್ತ ಜಾಸ್ತಿ ನೋಡುವ ಮಿಡ್‌ಫೀಲ್ಡರ್‌ಗಳ ಪಾಸ್ ಹೆಚ್ಚು ಸಲ ಸರಿಯಾಗಿ ಸೇರುತ್ತದೆ, ಮುಂದಕ್ಕೆ ಕೊಟ್ಟ ಪಾಸ್ ಕೂಡ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನವರನ್ನು ನೋಡಿದಾಗ ಫ್ರಾಂಕ್ ಲ್ಯಾಂಪಾರ್ಡ್ ಮೇಲಿನ ಸಾಲಿನಲ್ಲಿದ್ದರು. ಕ್ಯಾಂಪ್ ಹಾಕಿ, ಕೋನ್ ಇಟ್ಟು ನಾವು ಕಲಿಸಲು ಒದ್ದಾಡುವುದು ಈ ಹುಡುಗನಿಗೆ ಓಣಿಯಲ್ಲಿ ಸುಮ್ನೆ ಸಿಕ್ಕಿಬಿಟ್ಟಿತ್ತು.

ಮೊದಲ ತೀರ್ಮಾನ: ಪಕ್ಕಕ್ಕೆ ಹೋಗು

ಹದಿಮೂರಕ್ಕೆ ಕ್ರೀಡಾ ಹಾಸ್ಟೆಲ್ ಸೇರಿದ. ಅವನು ಹುಟ್ಟಿದ್ದು ಡಿಸೆಂಬರ್‌ನಲ್ಲಿ. ವಯಸ್ಸಿನ ಲೆಕ್ಕ ಜನವರಿ 1ರಿಂದ ಶುರುವಾಗುವುದರಿಂದ, ಒಂದೇ ಗುಂಪಿನಲ್ಲಿ ಅವನಿಗಿಂತ ಹನ್ನೊಂದು ತಿಂಗಳು ದೊಡ್ಡ ಹುಡುಗರು ಇರುತ್ತಿದ್ದರು. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ಎತ್ತರದಲ್ಲೂ ತೂಕದಲ್ಲೂ ದೊಡ್ಡ ವ್ಯತ್ಯಾಸ. ಅದರ ಮೇಲೆ ಇವನು ತಡವಾಗಿ ಬೆಳೆದ ಹುಡುಗ. ದೇಹ ಯಾವಾಗ ಬೆಳೆಯುತ್ತದೆ ಅನ್ನೋದಕ್ಕೂ ಆಟ ಎಷ್ಟು ಗೊತ್ತು ಅನ್ನೋದಕ್ಕೂ ಸಂಬಂಧ ಇಲ್ಲ. ಆದರೆ ಸೆಲೆಕ್ಷನ್ ದಿನ ಮೊದಲು ಕಾಣುವುದು ದೇಹವೇ.

ಜಿಲ್ಲಾ ತಂಡದ ಸೆಲೆಕ್ಷನ್‌ನಲ್ಲಿ ಅವನನ್ನು ತೆಗೆದುಕೊಂಡರು, ಆದರೆ ರೈಟ್ ವಿಂಗ್‌ಗೆ ಹಾಕಿದರು. ಕಾರಣ ಇಷ್ಟೇ: "ಮಧ್ಯದಲ್ಲಿ ಹಾಕಿದ್ರೆ ತಳ್ಳಿ ಬೀಳಿಸ್ತಾರೆ." ಮಾತು ಸುಳ್ಳಲ್ಲ, ತಳ್ಳಿ ಬೀಳಿಸುತ್ತಿದ್ದರು. ಆದರೆ ಗೆರೆ ಪಕ್ಕ ನಿಂತವನಿಗೆ ಅರ್ಧ ಮೈದಾನ ಇದ್ದೂ ಇಲ್ಲದ ಹಾಗೆ. ಎರಡೂ ಹೆಗಲ ಮೇಲೆ ನೋಡುವ ಅಭ್ಯಾಸ ಇದ್ದವನಿಗೆ ಒಂದು ಹೆಗಲ ಕಡೆ ಲೈನ್ಸ್‌ಮನ್ ಬಿಟ್ಟರೆ ಯಾರೂ ಇಲ್ಲ. ಜೊತೆಗೆ ವಿಂಗ್‌ನಲ್ಲಿ ಓಟ ಬೇಕು. ಇವನಿಗೆ ಓಟ ಸಾಧಾರಣ.

ಎರಡು ವರ್ಷ ಹಾಗೇ ಆಡಿದ. ಹದಿನಾರು ತುಂಬಿದ ಮೇಲೆ ಒಂದೇ ಸಮನೆ ಉದ್ದ ಬೆಳೆದ. ದಸರಾ ಕ್ರೀಡಾಕೂಟದ ಸಮಯಕ್ಕೆ ತಂಡದ ಮಧ್ಯದ ಹುಡುಗನಿಗೆ ಜ್ವರ ಬಂದಿತ್ತು. ಬೇರೆ ಯಾರೂ ಇಲ್ಲ ಅಂತ ಇವನನ್ನು ಅಲ್ಲಿಗೆ ಹಾಕಿದರು. ಆ ವಾರ ಅವನ ಆಟ ನೋಡಿದ ಬೆಂಗಳೂರಿನ ಒಬ್ಬರು ಟ್ರಯಲ್ಸ್‌ಗೆ ಕರೆದರು. ಜ್ವರ ಬರದೇ ಇದ್ದಿದ್ದರೆ? ಇಷ್ಟು ವರ್ಷ ನೋಡಿದ ಮೇಲೆ ನನಗನ್ನಿಸುವುದು, ನಮ್ಮ ಕಡೆ ಮಿಡ್‌ಫೀಲ್ಡರ್‌ಗಳು ಬೆಳಕಿಗೆ ಬರುವುದು ಇನ್ನೊಬ್ಬರ ಜ್ವರದಿಂದಲೇ.

ಕಾಗದ ಓದಿಸಿದ್ದು

ಟ್ರಯಲ್ಸ್‌ನಲ್ಲಿ ಆಯ್ಕೆಯಾದ. ಆ ಕ್ಲಬ್‌ನ ಅಕಾಡೆಮಿಯವರು ಕಳಿಸಿದ ಅಗ್ರಿಮೆಂಟ್ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಹುಡುಗನಿಗೆ ಇನ್ನೂ ಹದಿನೆಂಟು ಆಗಿರಲಿಲ್ಲ, ಅಪ್ಪನ ಸಹಿ ಬೇಕು. ಊರಲ್ಲಿ ಅಪ್ಪನಿಗೆ ಇಷ್ಟವಿರಲಿಲ್ಲ. "ಗದ್ದೆಗೂ ಇಲ್ಲ ಓದ್ಗೂ ಇಲ್ಲ ಅಂಗಾಗ್ಬುಟ್ಟೀಯ ಕಣ್ಲಾ" ಅಂತ ಅವರ ಮಾತು. ಅವರ ಹೆದರಿಕೆಗೆ ಅರ್ಥ ಇದೆ. ಕಾಲು ಮುರಿದರೆ ಯಾರು ನೋಡ್ತಾರೆ ಅನ್ನೋದು ಅವರ ಮೊದಲ ಪ್ರಶ್ನೆ.

ಆ ಪ್ರಶ್ನೆಯೇ ಮುಂದೆ ಹುಡುಗನನ್ನು ಉಳಿಸಿತು. ಸೋದರಮಾವ ಕಾಗದವನ್ನು ತಮಗೆ ಗೊತ್ತಿದ್ದ ವಕೀಲರ ಹತ್ತಿರ ಒಯ್ದರು. ಅವರಿಗೆ ಫುಟ್‌ಬಾಲ್ ಏನೇನೂ ಗೊತ್ತಿಲ್ಲ. ಕರಾರು ಓದಲು ಗೊತ್ತು, ಅಷ್ಟು ಸಾಕಾಯಿತು. ಫಿಫಾ ನಿಯಮದಂತೆ ಹದಿನೆಂಟು ತುಂಬದವರನ್ನು ಮೂರು ವರ್ಷಕ್ಕಿಂತ ಹೆಚ್ಚು ಕಾಲಕ್ಕೆ ಕಟ್ಟಿಹಾಕುವಂತಿಲ್ಲ. ಅದು ಸರಿಯಾಗಿತ್ತು. ಆದರೆ ಎರಡು ಕಡೆ ಪೆನ್ಸಿಲ್ ಗುರುತು ಹಾಕಿದರು. ಒಂದು, ಅವಧಿ ಮುಗಿದ ಮೇಲೆ ಕ್ಲಬ್ ತನಗೆ ಬೇಕಾದರೆ ಒಂದು ವರ್ಷ ಮುಂದುವರಿಸಬಹುದು, ಹುಡುಗನ ಒಪ್ಪಿಗೆ ಬೇಕಿಲ್ಲ ಅನ್ನೋ ಸಾಲು. ಇನ್ನೊಂದು, ಗಾಯವಾದರೆ ಚಿಕಿತ್ಸೆ ಖರ್ಚು ಯಾರದು ಅಂತ ಎಲ್ಲೂ ಇರಲಿಲ್ಲ. ಮೊದಲನೆಯದನ್ನು ತೆಗೆಯಲು ಕ್ಲಬ್‌ನವರು ಒಪ್ಪಲಿಲ್ಲ. ಎರಡನೆಯದನ್ನು ಬರೆದುಕೊಟ್ಟರು: ಆಟದಲ್ಲಿ ಅಥವಾ ಅಭ್ಯಾಸದಲ್ಲಿ ಆದ ಗಾಯಕ್ಕೆ ಆಪರೇಷನ್ ಮತ್ತು ಫಿಸಿಯೋ ಖರ್ಚು ಕ್ಲಬ್‌ನದು.

ಆ ಹೊತ್ತಿಗೆ ಒಬ್ಬರು "ಅಣ್ಣ" ಕೂಡ ಹುಡುಗನ ಸುತ್ತ ಓಡಾಡುತ್ತಿದ್ದರು, ತಾನೇ ಏಜೆಂಟ್ ಅಂತ. ಫಿಫಾ 2023ರಿಂದ ಏಜೆಂಟ್‌ಗಳಿಗೆ ಪರೀಕ್ಷೆ, ಲೈಸೆನ್ಸ್ ಕಡ್ಡಾಯ ಮಾಡಿದೆ. ಆಗ ಇಷ್ಟು ಬಿಗಿ ಇರಲಿಲ್ಲ. ಮಾವ ಅವರಿಗೆ ಟೀ ಕುಡಿಸಿ ಕಳಿಸಿದರು.

ಹತ್ತನೇ ನಂಬರ್ ಖಾಲಿ ಇರಲಿಲ್ಲ

ಅಕಾಡೆಮಿಯಲ್ಲಿ ಚೆನ್ನಾಗಿ ಆಡಿದ. ಹತ್ತೊಂಬತ್ತಕ್ಕೆ ಸೀನಿಯರ್ ತಂಡಕ್ಕೆ ಬಂದ, ಅಗ್ರಿಮೆಂಟ್ ಅದೇ ಸಾಲುಗಳ ಸಮೇತ ಹೊಸದಾಯಿತು. ನಿಜವಾದ ಸಮಸ್ಯೆ ಶುರುವಾದದ್ದು ಅಲ್ಲಿ.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾದಾಗ ಮೈದಾನದಲ್ಲಿ ಒಂದು ತಂಡದ ಹನ್ನೊಂದು ಜನರಲ್ಲಿ ಆರು ಮಂದಿ ವಿದೇಶಿಯರು ಇರಬಹುದಿತ್ತು. 2017-18ರಿಂದ ಐದು, 2021-22ರಿಂದ ನಾಲ್ಕು. ಸಂಖ್ಯೆ ಕಮ್ಮಿಯಾಯಿತು, ಸರಿ. ಆದರೆ ಉಳಿದ ನಾಲ್ಕು ಜಾಗ ಯಾವುದಕ್ಕೆ ಅಂತ ನೋಡಬೇಕು. ಬಹುತೇಕ ಕ್ಲಬ್‌ಗಳು ಒಬ್ಬ ಸ್ಟ್ರೈಕರ್, ಒಬ್ಬ ಸ್ಟಾಪರ್ (ಡಿಫೆನ್ಸ್ ನಡುವೆ ನಿಲ್ಲುವವನು), ಮತ್ತೆ ಸ್ಟ್ರೈಕರ್ ಹಿಂದೆ ನಿಂತು ಆಟ ಕಟ್ಟುವ ಒಬ್ಬ 'ಹತ್ತನೇ ನಂಬರ್' ಮಿಡ್‌ಫೀಲ್ಡರ್‌ನನ್ನು ಹೊರಗಿಂದ ತರುತ್ತವೆ. 2019-20ರಲ್ಲಿ ಲೀಗಿನ ಶ್ರೇಷ್ಠ ಆಟಗಾರ ಹ್ಯೂಗೋ ಬೂಮೂ, 2021-22ರಲ್ಲಿ ಗ್ರೆಗ್ ಸ್ಟೀವರ್ಟ್. ಇಬ್ಬರೂ ಅದೇ ಜಾಗದವರು. ಅಂದರೆ ನಿಯಮ ಭಾರತದ ಹುಡುಗರಿಗೆ ಜಾಗ ಕೊಟ್ಟದ್ದು ಡಿಫೆನ್ಸ್‌ನ ಎರಡು ಪಕ್ಕದಲ್ಲಿ, ವಿಂಗ್‌ನಲ್ಲಿ, ಗೋಲ್‌ಕೀಪಿಂಗ್‌ನಲ್ಲಿ. ನಡುವಿನ ಜಾಗ ಮೊದಲಿನಷ್ಟೇ ಇಕ್ಕಟ್ಟು. ಗೋವಾದ ಬ್ರ್ಯಾಂಡನ್ ಫೆರ್ನಾಂಡಿಸ್ ಥರದವರು ಅಲ್ಲಿ ನಿಂತು ತೋರಿಸಿದ್ದಾರೆ, ನಿಜ. ಆದರೆ ಸಹಲ್ ಅಬ್ದುಲ್ ಸಮದ್‌ನಂಥ ಮಿಡ್‌ಫೀಲ್ಡರ್‌ನನ್ನೂ ಪಕ್ಕಕ್ಕೆ ಸರಿಸಿ ಆಡಿಸಿದ ದಿನಗಳಿವೆ.

ಕೋಚ್‌ಗಳನ್ನು ಬೈಯುವುದು ಸುಲಭ. ಆದರೆ ನಾಲ್ಕು ಪಂದ್ಯ ಸೋತರೆ ಕೆಲಸ ಹೋಗುವ ಕೋಚ್, ಹತ್ತೊಂಬತ್ತರ ಹುಡುಗನ ಕೈಗೆ ತಂಡದ ಸ್ಟೀರಿಂಗ್ ಯಾಕೆ ಕೊಡುತ್ತಾನೆ?

ಆ ಕಾಲದ ಒಂದು ಪಂದ್ಯದ ವಿಡಿಯೋ ನನ್ನ ಹತ್ತಿರ ಇದೆ. ಕೊನೆಯ ಇಪ್ಪತ್ತು ನಿಮಿಷಕ್ಕೆ ಮಾದೇಶನನ್ನು ಇಳಿಸುತ್ತಾರೆ. ಎಡಗಡೆಯ ಸ್ಟಾಪರ್ ಹತ್ತಿರ ಬಾಲ್ ಇದೆ. ಮಾದೇಶ ಬಲ ಹೆಗಲ ಮೇಲೆ ಒಂದು ಸಲ ನೋಡುತ್ತಾನೆ, ಎಡಕ್ಕೆ ಒಂದು ಸಲ, ಬಾಲ್ ಹೊರಟ ಮೇಲೆ ಮತ್ತೆ ಬಲಕ್ಕೆ. ಮೈಯನ್ನು ಅರ್ಧ ತಿರುಗಿಸಿಕೊಂಡು ಹಿಂದಿನ ಕಾಲಿಗೆ ಬಾಲ್ ಬಿಟ್ಟುಕೊಳ್ಳುತ್ತಾನೆ. ಒಂದೇ ಟಚ್‌ಗೆ ಎದುರಾಳಿ ಅವನ ಬೆನ್ನ ಹಿಂದೆ. ಎರಡನೇ ಟಚ್‌ಗೆ ಬಾಲ್ ಅವರ ಬ್ಯಾಕ್ ಮತ್ತು ಸ್ಟಾಪರ್ ನಡುವಿನ ಸಂದಿಯಲ್ಲಿ ಹೊರಟಿದೆ. ಪಾಸ್‌ನ ವೇಗ ಹದವಾಗಿದೆ. ಆದರೆ ವಿಂಗರ್ ಹೊರಟೇ ಇಲ್ಲ. ಬಾಲ್ ಕಾಲಿಗೆ ಬರುತ್ತದೆ ಅಂತ ನಿಂತಿದ್ದಾನೆ. ಬಾಲ್ ಗೆರೆ ದಾಟಿ ಹೊರಗೆ. ವಿಂಗರ್ ಎರಡೂ ಕೈ ಎತ್ತುತ್ತಾನೆ. ಕ್ಯಾಮೆರಾ ಬೆಂಚ್ ಕಡೆ ತಿರುಗಿದಾಗ ಕೋಚ್ ಎರಡೂ ಅಂಗೈ ಕೆಳಗೆ ಒತ್ತಿ ತೋರಿಸುತ್ತಿದ್ದಾರೆ: ಸಿಂಪಲ್ ಆಡು, ಸಿಂಪಲ್.

ಮುಂದಿನ ಸಲ ಅದೇ ಜಾಗದಲ್ಲಿ, ಅದೇ ಸಂದಿ ಕಾಣುತ್ತಿರುವಾಗ, ಮಾದೇಶ ಬಾಲನ್ನು ಸ್ಟಾಪರ್‌ಗೇ ವಾಪಸ್ ಕೊಡುತ್ತಾನೆ. ಅದರ ಮುಂದಿನ ಸಲವೂ. ಪಂದ್ಯ ಮುಗಿಯುವವರೆಗೂ ಅಷ್ಟೇ.

ಆ ಸೀಸನ್ನಿನ ಅಂಕಿಅಂಶದಲ್ಲಿ ಅವನ ಪಾಸ್ ಲೆಕ್ಕ ಬಹಳ ಚೆನ್ನಾಗಿದೆ. ಕೊಟ್ಟದ್ದೆಲ್ಲ ಸೇರಿದೆ. ಗೋಲಿಗೆ ದಾರಿ ಆದದ್ದು ಯಾವುದೂ ಇಲ್ಲ.

ಏನೇನು ಮಾಡಿ ನೋಡಿದರು

ಕ್ಲಬ್‌ನವರು ಕೈಕಟ್ಟಿ ಕೂತಿರಲಿಲ್ಲ. ಮೊದಲು ಜಿಮ್. ಮೈ ಕಟ್ಟಿದರೆ ತಳ್ಳಾಟದಲ್ಲಿ ನಿಲ್ಲುತ್ತಾನೆ ಅನ್ನೋ ಲೆಕ್ಕ. ತೂಕ ಬಂತು, ಜೊತೆಗೆ ತೊಡೆಯ ಹಿಂಭಾಗದ ಸ್ನಾಯು ಪದೇಪದೇ ಹಿಡಿದುಕೊಳ್ಳಲು ಶುರುವಾಯಿತು. ಆಮೇಲೆ ಮತ್ತೆ ವಿಂಗ್. ಆಮೇಲೆ ಕಪ್ ಪಂದ್ಯಗಳಲ್ಲಿ ಎದುರಾಳಿಯ ಬಾಲ್ ಕೀಳುವ ಕೆಲಸ. ಪ್ರತಿ ಎರಡು ತಿಂಗಳಿಗೆ ಹೊಸ ಜಾಗ. ಕೋಚ್ ಕೂಡ ಬದಲಾದರು, ಹೊಸಬರಿಗೆ ಇವನು ವಿಂಗರ್ ಅಂತಲೇ ಪರಿಚಯ.

ಹುಡುಗ ತಾನಾಗಿ ಮಾಡಿದ್ದು ಇನ್ನೊಂದು. ತಪ್ಪು ಮಾಡದೇ ಇರಲು ಕಲಿತ. ಇದು ಒಳ್ಳೆಯ ಗುಣದಂತೆ ಕಾಣುತ್ತದೆ. ಅವನ ಮಟ್ಟಿಗೆ ಅದೇ ದೊಡ್ಡ ನಷ್ಟ. ತಪ್ಪು ಮಾಡದ ಸಾಧಾರಣ ಮಿಡ್‌ಫೀಲ್ಡರ್‌ಗಳು ಪ್ರತಿ ಕ್ಲಬ್‌ನಲ್ಲೂ ಇಬ್ಬರು ಇರುತ್ತಾರೆ. ಅವರಿಗಿಂತ ಇವನು ಓಟದಲ್ಲಿ ಹಿಂದೆ, ಬಲದಲ್ಲಿ ಹಿಂದೆ. ಅವನಲ್ಲಿ ಮಾತ್ರ ಇದ್ದ ಒಂದನ್ನು ಅವನೇ ಮಡಚಿ ಒಳಗಿಟ್ಟ ಮೇಲೆ ಕ್ಲಬ್ ಅವನನ್ನು ಯಾಕೆ ಇಟ್ಟುಕೊಳ್ಳಬೇಕು?

ಇಪ್ಪತ್ತೊಂದನೇ ವಯಸ್ಸಿನಲ್ಲಿ ಅಭ್ಯಾಸದ ವೇಳೆ ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಹರಿಯಿತು. ಯಾರೂ ಮೈಮೇಲೆ ಬಿದ್ದಿರಲಿಲ್ಲ. ಕಾಲು ನೆಲಕ್ಕೆ ಊರಿಕೊಂಡಿತ್ತು, ಮೈ ತಿರುಗಿತು, ಒಳಗೆ ಪಟ್ ಅಂತ ಸದ್ದು. ಈ ಗಾಯ ಬಹಳಷ್ಟು ಸಲ ಆಗುವುದು ಹೀಗೇ. ಆಪರೇಷನ್ ಖರ್ಚನ್ನು ಕ್ಲಬ್ ಕೊಟ್ಟಿತು, ಮಾವ ಬರೆಸಿಕೊಂಡಿದ್ದ ಸಾಲಿನಿಂದಾಗಿ. ಅದೇ ತಂಡದ ಇನ್ನೊಬ್ಬ ಹುಡುಗನ ಅಗ್ರಿಮೆಂಟ್‌ನಲ್ಲಿ ಆ ಸಾಲು ಇರಲಿಲ್ಲ. ಅವನ ಮನೆಯವರು ಸಾಲ ಮಾಡಿದರು.

ಮೈಸೂರಿನ ಒಂಬತ್ತು ತಿಂಗಳು

ಚೇತರಿಸಿಕೊಳ್ಳಲು ಮೈಸೂರಿಗೆ ಬಂದ. ಎಸಿಎಲ್ ಆಪರೇಷನ್ ಆದವರು ಒಂಬತ್ತು ತಿಂಗಳಿಗೆ ಮೊದಲೇ ಪಂದ್ಯಕ್ಕೆ ಇಳಿದರೆ ಮತ್ತೆ ಹರಿಯುವ ಅಪಾಯ ಜಾಸ್ತಿ. ಬರೀ ತಿಂಗಳು ಎಣಿಸಿದರೂ ಸಾಲದು. ಗಾಯವಾದ ಕಾಲಿನ ಬಲ, ಒಂಟಿಗಾಲಲ್ಲಿ ನೆಗೆಯುವ ದೂರ, ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಬರಬೇಕು. ಫಿಸಿಯೋ ಇದರಲ್ಲಿ ಬಹಳ ಗಟ್ಟಿ. ಆರನೇ ತಿಂಗಳಿಗೇ ಒಂದು ಟೂರ್ನಮೆಂಟ್‌ಗೆ ಕರೆದರು, ದುಡ್ಡೂ ಚೆನ್ನಾಗಿತ್ತು. "ಹೋಗೋದಾದ್ರೆ ಹೋಗು, ವಾಪಸ್ ನನ್ ಹತ್ರ ಬರಬೇಡ" ಅಂದರು ಆ ಫಿಸಿಯೋ ಅಕ್ಕ. ಹೋಗಲಿಲ್ಲ.

ಕಾಲು ಓಡದಿದ್ದಾಗ ತಲೆಗೆ ಕೆಲಸ ಕೊಡಬೇಕಿತ್ತು. ಅವನ ಹಳೆಯ ಪಂದ್ಯಗಳ ವಿಡಿಯೋ ತರಿಸಿ ಕೂತು ನೋಡಿದೆವು. ಅವನು ಕಳೆದುಕೊಂಡ ಒಂದೊಂದು ಬಾಲನ್ನೂ ನೋಟ್‌ಬುಕ್‌ನಲ್ಲಿ ಮೂರು ಕಾಲಂಗೆ ಬರೆದೆವು. ನೋಡಿದ್ದು ಸರಿ, ಕಾಲು ತಪ್ಪಿತು. ನೋಡಿದ್ದು ಸರಿ, ಕೊಟ್ಟದ್ದೂ ಸರಿ, ಜೊತೆಗಾರ ಹೊರಡಲಿಲ್ಲ. ನೋಡಿದ್ದೇ ತಪ್ಪು. ಪ್ರತಿ ಸಲ ವಿಡಿಯೋ ನಿಲ್ಲಿಸಿ, ಯಾವ ಕಾಲಂ ಅಂತ ಅವನೇ ಹೇಳಬೇಕು. ನಾನು ಒಪ್ಪದಿದ್ದರೆ ಜಗಳ. ಒಂದು ಪಾಸ್ ಬಗ್ಗೆ ಮಾತಾಡುತ್ತಾ ಎಷ್ಟೋ ಸಲ ಅತ್ತೆ ತಂದಿಟ್ಟ ಕಾಫಿ ತಣ್ಣಗಾಗಿದೆ.

ಮೂರನೇ ಕಾಲಂ ತುಂಬಬಹುದು ಅಂತ ಅವನು ಹೆದರಿದ್ದ. ತುಂಬಿದ್ದು ಎರಡನೆಯದು. ಕ್ಲಬ್‌ನ ಲೆಕ್ಕದಲ್ಲಿ ಮೂರೂ ಒಂದೇ, ಬಾಲ್ ಹೋಯಿತು ಅಷ್ಟೇ. ಅವನ ತಲೆಯಲ್ಲೂ ಮೂರೂ ಒಂದೇ ಆಗಿಬಿಟ್ಟಿತ್ತು. ಮೊದಲ ಕಾಲಂಗೆ ಮದ್ದು ಅಭ್ಯಾಸ. ಎರಡನೆಯದಕ್ಕೆ ಮದ್ದು ಜೊತೆಗಾರನ ಹತ್ತಿರ ಹೋಗಿ ಮಾತಾಡುವುದು. ಅದನ್ನು ಮಾದೇಶ ಯಾವತ್ತೂ ಮಾಡಿರಲಿಲ್ಲ. ನಮ್ಮ ಹಾಸ್ಟೆಲ್‌ಗಳಲ್ಲಿ ಸೀನಿಯರ್‌ಗೆ "ನೀನು ಯಾಕೆ ಓಡಲಿಲ್ಲ" ಅಂತ ಕೇಳೋ ಪದ್ಧತಿ ಇಲ್ಲವಲ್ಲ. ಮೂರನೆಯದು ಮಾತ್ರ ನಿಜವಾದ ತಪ್ಪು.

ಎರಡನೇ ಕಾಲಂ ನೋಡುತ್ತಿದ್ದಾಗಲೇ ಇನ್ನೊಂದು ವಿಷಯ ಹೊಳೆಯಿತು. ಮೈದಾನದಲ್ಲಿ ಸ್ವಲ್ಪ ಹಿಂದೆ, ಸ್ಟಾಪರ್‌ಗಳ ಮುಂದೆ ನಿಂತು ಬಾಲ್ ಪಡೆದಾಗ ಅವನ ಪಾಸ್‌ಗಳು ಜಾಸ್ತಿ ಸೇರುತ್ತಿದ್ದವು. ಇಡೀ ಆಟ ಕಣ್ಣ ಮುಂದೆ ಇರುತ್ತದೆ, ಮುಂದಿನವರಿಗೆ ಹೊರಡಲು ಒಂದು ಕ್ಷಣ ಹೆಚ್ಚು ಸಿಗುತ್ತದೆ. ಮೈಮೇಲೆ ಬೀಳುವವರೂ ಕಮ್ಮಿ.

ಇಟಲಿಯ ಆಂದ್ರೆಯಾ ಪಿರ್ಲೋ ಅವರದ್ದು ಇದೇ ಕಥೆ. ಅವರೂ ಹತ್ತನೇ ನಂಬರ್ ಜಾಗದಲ್ಲಿ ಬೆಳೆದವರು. 2001ರಲ್ಲಿ ಇಂಟರ್ ಕ್ಲಬ್‌ನಿಂದ ಬ್ರೆಶಾ ಕ್ಲಬ್‌ಗೆ ಸ್ವಲ್ಪ ಕಾಲ ಎರವಲಾಗಿ ಹೋದಾಗ ಆ ಜಾಗದಲ್ಲಿ ರೊಬೆರ್ಟೋ ಬಾಜ್ಜೊ ಇದ್ದರು. ಕೋಚ್ ಕಾರ್ಲೋ ಮಾಜೋನೆ ಪಿರ್ಲೋ ಅವರನ್ನು ಹಿಂದಕ್ಕೆ ಇಳಿಸಿ, ಡಿಫೆನ್ಸ್ ಮುಂದೆ ನಿಲ್ಲಿಸಿದರು. ಆಮೇಲೆ ಮಿಲಾನ್‌ನಲ್ಲಿ ಆಂಚೆಲೊಟ್ಟಿ ಅದನ್ನೇ ಮುಂದುವರಿಸಿದರು. 2006ರಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ಆಟ ಕಟ್ಟಿದ್ದು ಪಿರ್ಲೋ ಅವರೇ. ಇದನ್ನು ಹೇಳಿದಾಗ ಮಾದೇಶ ನಕ್ಕ. "ಸಾರ್, ಅವ್ರು ಪಿರ್ಲೋ." ಆದರೂ ರಾತ್ರಿ ಕೂತು ಆ ಪಂದ್ಯಗಳನ್ನು ನೋಡಿದ ಅಂತ ಮಾವನಿಂದ ಗೊತ್ತಾಯಿತು.

ಹಿಂದೆ ನಿಲ್ಲಲು ಒಂದು ಬೆಲೆ ಇದೆ. ಅಲ್ಲಿ ಬಾಲ್ ಕಳೆದರೆ ನೇರ ಗೋಲು. ಎದುರಾಳಿಯ ದಾರಿಗೆ ಅಡ್ಡ ನಿಲ್ಲಲೂ ಬರಬೇಕು. ಏಳನೇ ತಿಂಗಳಿಂದ ಅದರದ್ದೇ ಅಭ್ಯಾಸ. ಬಾಲ್ ಕೀಳುವುದು ಅವನಿಗೆ ಇವತ್ತಿಗೂ ಅಷ್ಟಕ್ಕಷ್ಟೆ. ಆದರೆ ಎಲ್ಲಿ ನಿಂತರೆ ಎದುರಾಳಿ ಆ ಕಡೆ ಪಾಸ್ ಕೊಡಲ್ಲ ಅನ್ನೋದು ಬೇಗ ಹತ್ತಿತು. ಸಂದಿ ಕಾಣುವವನಿಗೆ ಸಂದಿ ಮುಚ್ಚುವುದೂ ಗೊತ್ತಾಗಲೇಬೇಕು ತಾನೇ.

ಮೂರು ದಾರಿ

ಕಾಲು ಸರಿಯಾಗುವ ಹೊತ್ತಿಗೆ ಅಗ್ರಿಮೆಂಟ್ ಮುಗಿಯಿತು. ಮುಂದೆ ಮೂರು ದಾರಿ. ಹಳೆಯ ಕ್ಲಬ್ ತನ್ನ ಹಕ್ಕು ಬಳಸಿ ಇನ್ನೊಂದು ವರ್ಷ ಇಟ್ಟುಕೊಳ್ಳಲು ಸಿದ್ಧವಿತ್ತು. ಸಂಬಳ ಚೆನ್ನಾಗಿದೆ, ಜಾಗ ಬೆಂಚ್. ಬೆಂಗಳೂರಿನ ಲೀಗಿನಲ್ಲಿ ಆಡುವ ಒಂದು ಸಣ್ಣ ಕ್ಲಬ್ ಕರೆದಿತ್ತು. ಸಂಬಳ ಅರ್ಧಕ್ಕಿಂತ ಕಮ್ಮಿ, ಆದರೆ ಅಲ್ಲಿನ ಕೋಚ್‌ಗೆ ಇವನು ಡಿಫೆನ್ಸ್ ಮುಂದೆ ಬೇಕಿತ್ತು. ಮೂರನೆಯದು ಸ್ಪೋರ್ಟ್ಸ್ ಕೋಟಾದಲ್ಲಿ ಸರ್ಕಾರಿ ಇಲಾಖೆಯ ಕೆಲಸ.

ಅಪ್ಪನಿಗೆ ಮೂರನೆಯದು. "ತಿಂಗಳಾದ್ರೆ ಸಂಬಳ, ಕಾಲ್ ಹೋದ್ರೂ ಕೆಲ್ಸ ಹೋಗಲ್ಲ. ಇನ್ನೇನ್ ಬೇಕು?" ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಮಾವನಿಗೆ ಮೊದಲನೆಯದು, ದೊಡ್ಡ ಹೆಸರಿನ ಕ್ಲಬ್ ಬಿಟ್ಟರೆ ಮತ್ತೆ ಸಿಗಲ್ಲ ಅಂತ. ನನ್ನನ್ನು ಕೇಳಿದಾಗ ಎರಡನೆಯದು ಅಂದೆ. ಇಪ್ಪತ್ತೆರಡಕ್ಕೆ ಮಿಡ್‌ಫೀಲ್ಡರ್‌ಗೆ ಬೇಕಾದದ್ದು ಪಂದ್ಯ. ಸ್ಟ್ರೈಕರ್ ಬೆಂಚಿನಿಂದ ಬಂದು ಹತ್ತು ನಿಮಿಷದಲ್ಲಿ ಗೋಲು ಹೊಡೆದು ಹೆಸರು ಮಾಡಬಹುದು. ಆಟ ಕಟ್ಟುವವನಿಗೆ ಹತ್ತು ನಿಮಿಷದಲ್ಲಿ ಎದುರಾಳಿ ಎಲ್ಲಿ ನಿಲ್ಲುತ್ತಾನೆ ಅನ್ನೋದೂ ತಿಳಿಯಲ್ಲ.

ಮಾದೇಶ ಅಪ್ಪನ ಜೊತೆ ಒಂದು ಒಪ್ಪಂದಕ್ಕೆ ಬಂದ. ಮೂರು ವರ್ಷ ಸಮಯ ಕೊಡಿ. ಇಪ್ಪತ್ತೈದರೊಳಗೆ ನೆಲೆ ಸಿಗದಿದ್ದರೆ ಕೆಲಸಕ್ಕೆ ಅರ್ಜಿ. ಹಳೆಯ ಕ್ಲಬ್ ಮೊದಲು ಬಿಡಲು ಒಪ್ಪಲಿಲ್ಲ. ವಕೀಲರು ಮತ್ತೆ ಕಾಗದ ಓದಿದರು. ಮುಂದುವರಿಸುವುದಾದರೆ ಇಂಥ ತಾರೀಕಿನೊಳಗೆ ಬರೆದು ತಿಳಿಸಬೇಕು ಅಂತ ಅದರಲ್ಲೇ ಇತ್ತು. ಕ್ಲಬ್‌ನವರು ತಾರೀಕು ಮರೆತಿದ್ದರು.

ಏನಾಯಿತು

ಮೊದಲ ಎರಡು ತಿಂಗಳು ಚೆನ್ನಾಗಿರಲಿಲ್ಲ. ಬೆಂಗಳೂರಿನ ಲೀಗು ಮೆತ್ತಗಿನ ಆಟ ಅಲ್ಲ. ಇಲಾಖೆ ತಂಡಗಳ ಅನುಭವಿಗಳು ಇವನ ಮೊಣಕಾಲಿನ ಮೇಲಿನ ಗಾಯದ ಗುರುತು ನೋಡಿಯೇ ಬರುತ್ತಿದ್ದರು. ಒಂದು ಪಂದ್ಯದಲ್ಲಿ ಸ್ವಂತ ಗೋಲಿನ ಮುಂದೆ ಬಾಲ್ ಕಳೆದುಕೊಂಡ, ಗೋಲಾಯಿತು, ತಂಡ ಸೋತಿತು. ಮುಂದಿನ ಪಂದ್ಯದಲ್ಲೂ ಕೋಚ್ ಅವನನ್ನು ಅದೇ ಜಾಗದಲ್ಲಿ ಇಳಿಸಿದರು. ಈ ಪ್ರಕರಣದ ನಿಜವಾದ ತಿರುವು ಇದು. ಆಪರೇಷನ್, ವಿಡಿಯೋ, ನನ್ನ ನೋಟ್‌ಬುಕ್, ಯಾವುದೂ ಇದಕ್ಕೆ ಸಮ ಅಲ್ಲ. ಡ್ರೆಸಿಂಗ್ ರೂಮಿನಲ್ಲಿ ಆ ಕೋಚ್ ಹೇಳಿದ್ದು ಒಂದೇ ಮಾತಂತೆ: "ಆ ಪಾಸ್ ಮತ್ತೆ ಕೊಡು. ಸ್ವಲ್ಪ ಬೇಗ ಕೊಡು."

ಸೀಸನ್ನಿನ ಎರಡನೇ ಅರ್ಧದಲ್ಲಿ ಆ ತಂಡದ ಆಟ ನೋಡಲು ನಾನು ಬೆಂಗಳೂರಿಗೆ ಹೋಗುತ್ತಿದ್ದೆ, ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ. ಮಾದೇಶ ಈಗ ಮಾತಾಡುತ್ತಿದ್ದ, ಅದೇ ನನಗೆ ಆಶ್ಚರ್ಯ. ಪಾಸ್ ಹೊರಗೆ ಹೋದರೆ ವಿಂಗರ್ ಹತ್ತಿರ ಓಡಿ, ಬೆರಳಿನಿಂದ ನೆಲದಲ್ಲಿ ದಾರಿ ತೋರಿಸುತ್ತಿದ್ದ. ಮೂರನೇ ಸಲ ವಿಂಗರ್ ಹೊರಡುತ್ತಿದ್ದ. ಗೋಲಾದಾಗ ಹೆಸರು ಬೇರೆಯವರದ್ದೇ. ಸ್ಕೋರ್ ಶೀಟಿನಲ್ಲಿ ಅಸಿಸ್ಟ್ (ಗೋಲಿಗೆ ಮುಂಚಿನ ಕೊನೆಯ ಪಾಸ್) ಕೂಡ ವಿಂಗರ್‌ಗೆ, ಯಾಕೆಂದರೆ ಇವನು ಕೊಡುವುದು ಅದರ ಹಿಂದಿನ ಪಾಸ್.

ಅಲ್ಲಿಂದ ರಾಷ್ಟ್ರೀಯ ಮಟ್ಟದ ಎರಡನೇ ದರ್ಜೆಯ ಲೀಗಿನ ಕ್ಲಬ್‌ಗೆ ಹೋದ. ಎರಡು ಸೀಸನ್ ಕಾಯಂ ಹನ್ನೊಂದರಲ್ಲಿ ಇದ್ದ. ಭಾರತ ತಂಡದ ಕರೆ ಬರಲಿಲ್ಲ. ರಾಜ್ಯ ತಂಡದ ಕ್ಯಾಂಪ್‌ಗೆ ಹೋಗಿ ಕೊನೆಯ ಪಟ್ಟಿಯಲ್ಲಿ ಬಿದ್ದುಹೋದ. 2025ರಲ್ಲಿ ಐಎಸ್‌ಎಲ್ ಯಾವಾಗ ಶುರುವಾಗುತ್ತದೆ ಅನ್ನೋದೇ ಗೊತ್ತಿಲ್ಲದ ಸ್ಥಿತಿ ಬಂತು. ಮೇಲಿನ ಲೀಗು ನಿಂತರೆ ಕೆಳಗಿನ ಆಟಗಾರರ ಮಾತುಕತೆಗಳೂ ನಿಲ್ಲುತ್ತವೆ. ಅಪ್ಪನಿಗೆ ಕೊಟ್ಟ ಮಾತಿನ ವಯಸ್ಸೂ ಆಗಿತ್ತು. ಮಾದೇಶ ಇಲಾಖೆಯ ಕೆಲಸಕ್ಕೆ ಸೇರಿದ. ಈಗ ಆ ಇಲಾಖೆಯ ತಂಡಕ್ಕೆ ಬೆಂಗಳೂರಿನ ಲೀಗಿನಲ್ಲಿ ಆಡುತ್ತಾನೆ. ಜಾಗ ಡಿಫೆನ್ಸ್ ಮುಂದೆ.

ಇದನ್ನು ಸೋಲು ಅನ್ನುವವರಿದ್ದಾರೆ. ಬೆಂಗಳೂರಿನ ಕಾರ್ಲ್ಟನ್ ಚಾಪ್ಮನ್ ಮಿಡ್‌ಫೀಲ್ಡರ್ ಆಗಿದ್ದುಕೊಂಡೇ ಟಾಟಾ ಅಕಾಡೆಮಿ, ಈಸ್ಟ್ ಬೆಂಗಾಲ್, ಜೆಸಿಟಿ ಅಂತ ಹೋಗಿ ಭಾರತದ ನಾಯಕರಾದರಲ್ಲ ಅಂತ ಕೇಳುತ್ತಾರೆ. ಆದರು, ನಿಜ. ಅವರು ಗೆದ್ದ 1996-97ರ ರಾಷ್ಟ್ರೀಯ ಲೀಗಿನ ಜೆಸಿಟಿ ತಂಡದ ನಡುವಿನ ಜಾಗ ಅವರಿಗೆ ಸಿಕ್ಕಿತ್ತು ಅನ್ನೋದನ್ನೂ ಜೊತೆಗೆ ಹೇಳಬೇಕು. ಆಡಿದ್ದು ಎಷ್ಟು ಎತ್ತರದಲ್ಲಿ ಅಂತ ಕೇಳಿದರೆ ಮಾದೇಶನದು ಸಾಧಾರಣ ಕಥೆ. ತನ್ನ ಆಟವನ್ನೇ ಆಡಿದನಾ ಅಂತ ಕೇಳಿದರೆ, ಇಪ್ಪತ್ತೆರಡರ ನಂತರ ಹೌದು.

ಬೇರೆಯವರಿಗೆ ಇದರಲ್ಲಿ ಏನಿದೆ

ಹದಿನಾಲ್ಕರೊಳಗಿನ ಮಕ್ಕಳ ಸೆಲೆಕ್ಷನ್ ಮಾ‌ಡುವವರು ಹುಟ್ಟಿದ ತಿಂಗಳನ್ನು ಹೆಸರಿನ ಪಕ್ಕದಲ್ಲೇ ಬರೆದುಕೊಂಡರೆ ಸಾಕು, ಅರ್ಧ ಕಣ್ಣು ತೆರೆಯುತ್ತದೆ. ಪಟ್ಟಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗಿನವರೇ ತುಂಬಿದ್ದರೆ ನಾವು ಆರಿಸಿದ್ದು ಎತ್ತರ, ಆಟ ಅಲ್ಲ. ಕಳೆದುಹೋದ ಬಾಲನ್ನು ಮೂರು ಕಾಲಂಗೆ ಬಿಡಿಸುವುದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ, ಗೆರೆ ಪಕ್ಕದಲ್ಲಿ ಮೊಬೈಲ್ ಹಿಡಿಯಲು ಒಬ್ಬರು ಬೇಕು, ಆಮೇಲೆ ಹುಡುಗನ ಜೊತೆ ಕೂರಲು ತಾಳ್ಮೆ ಬೇಕು. ಅಗ್ರಿಮೆಂಟ್ ವಿಷಯ ಬಂದರೆ ಪೋಷಕರು ಮೂರು ಸಾಲು ಹುಡುಕಿ ಓದಿಸಲಿ: ಗಾಯದ ಖರ್ಚು, ಮುಂದುವರಿಸುವ ಹಕ್ಕು ಯಾರದು, ಅದನ್ನು ತಿಳಿಸಬೇಕಾದ ಕೊನೆಯ ದಿನ.

ಎಲ್ಲರೂ ಇದನ್ನು ಒಪ್ಪಲ್ಲ. ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬ ಕೋಚ್ ಪ್ರಕಾರ ಹದಿಮೂರಕ್ಕೆ ಅವನನ್ನು ವಿಂಗ್‌ಗೆ ಹಾಕಿದ್ದೇ ಒಳ್ಳೆಯದಾಯಿತು. ಮಧ್ಯದಲ್ಲಿ ಒದೆ ತಿಂದು ಅವತ್ತೇ ಆಟ ಬಿಟ್ಟಿರುತ್ತಿದ್ದ ಅಂತ ಅವರ ವಾದ. ಇರಬಹುದು. ಅದಕ್ಕೇ ನಮ್ಮಲ್ಲಿ ಈಗ ಹದಿಮೂರರೊಳಗಿನ ಪಂದ್ಯಗಳಲ್ಲಿ ಪ್ರತಿ ಹುಡುಗನೂ ಸ್ವಲ್ಪ ಹೊತ್ತು ಮಧ್ಯದಲ್ಲಿ ಆಡಲೇಬೇಕು, ಎಷ್ಟೇ ಸಣ್ಣವನಾದರೂ. ಇದರಿಂದ ಕೆಲವು ಪಂದ್ಯ ಸೋಲುತ್ತೇವೆ, ಪೋಷಕರ ಗುಂಪಿನಲ್ಲಿ ಮೆಸೇಜ್ ಬರುತ್ತದೆ, ಇಬ್ಬರು ಮಕ್ಕಳನ್ನು ಬೇರೆ ಕಡೆಗೆ ಕರೆದುಕೊಂಡೂ ಹೋಗಿದ್ದಾರೆ. ಮಾದೇಶ ರಜೆಗೆ ಬಂದಾಗ ಆ ಹೊತ್ತಿನಲ್ಲಿ ರೆಫರಿ ಆಗುತ್ತಾನೆ. ಬಾಲ್ ಕಳೆದುಕೊಂಡ ಹುಡುಗನನ್ನು ಅವನು ಕೇಳುವುದು ಒಂದೇ: "ಯಾರಿಗ್ ಕೊಡ್ಬೇಕು ಅಂತಿದ್ದೆ, ತೋರ್ಸು." ಹೆಚ್ಚಿನವರು ನೆಲ ನೋಡುತ್ತಾರೆ. ಕೈ ಎತ್ತಿ ತೋರಿಸಿದವರ ಹೆಸರನ್ನು ಆಮೇಲೆ ಬಂದು ನನಗೆ ಹೇಳುತ್ತಾನೆ, ನಾನು ಬರೆದಿಟ್ಟುಕೊಳ್ಳುತ್ತೇನೆ.